ಇಬ್ಬರಿಗೆ ಒಂದು ಡಬಲ್ ಬೆಡ್: ಗೋವಾ ವಾರಾಂತ್ಯಕ್ಕೆ ಬೇಕಾದ ಮಾಹಿತಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಗೋವಾ ಲೇಖನಗಳು ಶುರುವಾಗುತ್ತವೆ. ಹೊಸದಾಗಿ ಮದುವೆಯಾದವರಿಗೆ ಒಂದು ಪಟ್ಟಿ, ಮಕ್ಕಳೊಂದಿಗೆ ಹೋಗುವವರಿಗೆ ಒಂದು, ಗೆಳೆಯರ ಗುಂಪಿಗೆ ಇನ್ನೊಂದು. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಜೋಡಿಯಾಗಿ ಹೋಗುವುದಾದರೆ ಏನೇನು ನೋಡಿಕೊಳ್ಳಬೇಕು ಎಂಬುದು ಮಾತ್ರ ಕನ್ನಡದಲ್ಲಿ ಎಲ್ಲೂ ಸಿಗುವುದಿಲ್ಲ. ಬೆಳಗಾವಿ, ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನಿಂದ ಇಂಥ ಜೋಡಿಗಳು ಹೋಗುತ್ತಲೇ ಇವೆ. ದುಡ್ಡು ಖರ್ಚು ಮಾಡಿಯೂ ರಿಸೆಪ್ಷನ್‌ನಲ್ಲಿ ಮುಜುಗರಪಟ್ಟು, ಕ್ಲಬ್ಬಿನ ಬಾಗಿಲಿನಿಂದ ವಾಪಸಾಗಿ ಬರುವವರೂ ಇದ್ದಾರೆ. ಇದಕ್ಕೆ ಗೋವಾದ ಜನರನ್ನು ದೂರಬೇಕಾಗಿಲ್ಲ. ತೊಂದರೆ ಎಲ್ಲೆಲ್ಲಿ ಎದುರಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅದರಲ್ಲಿ ಬಹುಪಾಲನ್ನು ಮನೆಯಿಂದ ಹೊರಡುವ ಮುನ್ನವೇ ನಿವಾರಿಸಿಕೊಳ್ಳಬಹುದು. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲು ಕೋಣೆಯ ವಿಷಯ. ಬುಕಿಂಗ್ ಆ್ಯಪ್‌ಗಳಲ್ಲಿ 'ಕಪಲ್ ಫ್ರೆಂಡ್ಲಿ' ಎಂಬ ಗುರುತು ಕಂಡರೆ ನಿಶ್ಚಿಂತೆ ಎಂದು ಅನೇಕರು ಭಾವಿಸುತ್ತಾರೆ. ಅದರ ಅರ್ಥ ಇಷ್ಟೇ: ಮದುವೆಯಾಗದ ಗಂಡು-ಹೆಣ್ಣಿಗೆ ಕೋಣೆ ಕೊಡುತ್ತೇವೆ. ಇಬ್ಬರು ಗಂಡಸರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದಕ್ಕಾಗಿ ಅದೇ ಪುಟದ ಕೆಳಗಿರುವ ನಿಯಮಗಳನ್ನು ಓದಬೇಕು. 'ಸ್ಟ್ಯಾಗ್‌ಗಳಿಗೆ ಅವಕಾಶವಿಲ್ಲ' ಎಂಬ ಸಾಲು ಅಲ್ಲಿದ್ದರೆ ಬೇರೆ ಕಡೆ ನೋಡುವುದೇ ಒಳ್ಳೆಯದು. ಕುಡಿದು ಗಲಾಟೆ ಮಾಡುವ ಗಂಡಸರ ಗುಂಪನ್ನು ದೂರವಿಡಲು ವಿಲ್ಲಾ, ರೆಸಾರ್ಟ್‌ಗಳವರು ಹಾಕಿಕೊಂಡ ನಿಯಮ ಅದು. ಆದರೆ ಕೌಂಟರಿನಲ್ಲಿ ಕೂತ ಹುಡುಗ ಹತ್ತು ಜನರ ಗುಂಪು ಯಾವುದು, ಒಂದು ಜೋಡಿ ಯಾವುದು ಎಂದು ಬೇರೆ ಮಾಡಿ ನೋಡುವುದಿಲ್ಲ. ಅವನ ಲೆಕ್ಕದಲ್ಲಿ ಹೆಂಗಸಿಲ್ಲದೆ ಬಂದ ಗಂಡಸರೆಲ್ಲ ಸ್ಟ್ಯಾಗ್. 'ಸ್ಥಳೀಯ ಗುರುತಿನ ಚೀಟಿ ನಡೆಯುವುದಿಲ್ಲ' ಎಂಬ ಸಾಲನ್ನೂ ಗಮನಿಸಿ. ಕರ್ನಾಟಕದಿಂದ ಹೋಗುವವರಿಗೆ ಅದು ಅಡ್ಡಿಯಲ್ಲ, ಆದರೆ ನಿಮ್ಮಲ್ಲಿ ಒಬ್ಬರ ಆಧಾರ್ ಗೋವಾದ್ದಾಗಿದ್ದರೆ ಅಡ್ಡಿ.

ಬುಕ್ ಮಾಡುವಾಗ ಇಬ್ಬರ ಪೂರ್ತಿ ಹೆಸರನ್ನೂ, ಗುರುತಿನ ಚೀಟಿಯಲ್ಲಿ ಇರುವಂತೆಯೇ, ಹಾಕಿ. ಒಬ್ಬರ ಹೆಸರಲ್ಲಿ ಮಾಡಿ ಇನ್ನೊಬ್ಬರನ್ನು 'ಜೊತೆಗಿದ್ದವರು' ಎಂದು ಆಮೇಲೆ ಸೇರಿಸಲು ಹೋದಾಗಲೇ ಬೇಡದ ಪ್ರಶ್ನೆಗಳು ಏಳುತ್ತವೆ. ವಿಶೇಷ ಕೋರಿಕೆಯ ಜಾಗದಲ್ಲಿ 'ಒಂದೇ ದೊಡ್ಡ ಹಾಸಿಗೆ, ಕಿಂಗ್ ಬೆಡ್, ಎರಡು ಬೇರೆ ಮಂಚ ಬೇಡ' ಎಂದು ಬರೆಯಿರಿ. ಹಾಗೆ ಬರೆಯದಿದ್ದರೆ ಎರಡು ಗಂಡು ಹೆಸರು ಕಂಡ ಕೂಡಲೇ ಸಿಬ್ಬಂದಿ ತಾವಾಗಿಯೇ ಮಂಚಗಳನ್ನು ಬೇರೆ ಮಾಡಿಬಿಡುತ್ತಾರೆ. ಅದರಲ್ಲಿ ದ್ವೇಷವೇನೂ ಇಲ್ಲ, ಉಪಕಾರ ಮಾಡಿದೆವೆಂದೇ ಅವರ ಎಣಿಕೆ. ಮರುದಿನ ಹೋಟೆಲಿಗೆ ನೇರವಾಗಿ ಫೋನ್ ಮಾಡಿ, ಹೆಸರು ಹೇಳಿ, ಅದೇ ಮಾತನ್ನು ಮತ್ತೊಮ್ಮೆ ಹೇಳಿ. 'ಆಯ್ತು ಸರ್, ಕಿಂಗ್ ಬೆಡ್ ಇಟ್ಟಿರುತ್ತೇವೆ' ಎಂಬ ಉತ್ತರ ಬಂದರೆ ಅದನ್ನು ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬರೆದು ಕಳಿಸಲು ಕೇಳಿಕೊಳ್ಳಿ. ಫೋನಿನಲ್ಲಿ ತಡವರಿಕೆ, 'ಮ್ಯಾನೇಜರನ್ನು ಕೇಳಿ ಹೇಳುತ್ತೇನೆ' ಎಂಬ ಮಾತು ಬಂದರೆ ರದ್ದು ಮಾಡಿ ಬೇರೆ ಹುಡುಕಿ. ಇದೇ ಕಾರಣಕ್ಕೆ, ಸ್ವಲ್ಪ ದುಬಾರಿಯಾದರೂ ಪೂರ್ತಿ ಹಣ ವಾಪಸ್ ಬರುವ ದರದಲ್ಲೇ ಬುಕ್ ಮಾಡಬೇಕು. 'ಹಣ ವಾಪಸಿಲ್ಲ' ಎಂಬ ಅಗ್ಗದ ದರ ಈ ಪ್ರವಾಸಕ್ಕೆ ಹೊಂದುವುದಿಲ್ಲ.

ಕಾನೂನು ಏನು ಹೇಳುತ್ತದೆ? ಪರಸ್ಪರ ಒಪ್ಪಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಹಳೆಯ 377ನೇ ಕಲಮೇ ಇಲ್ಲ. ಒಂದೇ ಲಿಂಗದ ಇಬ್ಬರು ವಯಸ್ಕರು ಒಂದು ಕೋಣೆಯಲ್ಲಿ ಇರಬಾರದು ಎಂಬ ಕಾನೂನು ದೇಶದಲ್ಲಿ ಎಲ್ಲೂ ಇಲ್ಲ. ಹೋಟೆಲುಗಳ ಪ್ರವೇಶದಲ್ಲಿ ಲಿಂಗದ ಆಧಾರದ ಮೇಲೆ ಯಾರನ್ನೂ ತಡೆಯಬಾರದು ಎಂದು ಸಂವಿಧಾನದ 15(2)ನೇ ವಿಧಿ ಹೇಳುತ್ತದೆ. ಟ್ರಾನ್ಸ್ ಅತಿಥಿಗಳಿಗೆ ಇನ್ನೂ ನೇರವಾದ ಆಧಾರವಿದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ 3ನೇ ಕಲಮು ಸಾರ್ವಜನಿಕರಿಗೆ ದೊರೆಯುವ ವಸತಿ, ಸೇವೆಗಳಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಆಧಾರ್‌ನಲ್ಲಿ ಹಳೆಯ ಹೆಸರು, ಫೋಟೊ ಇರುವವರು ಜಿಲ್ಲಾಧಿಕಾರಿ ನೀಡುವ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿಯನ್ನೂ ಜೊತೆಗಿಟ್ಟುಕೊಂಡರೆ ಚೆಕ್-ಇನ್ ಬೇಗ ಮುಗಿಯುತ್ತದೆ.

ಆದರೂ ಬೆಳಗಿನ ಏಳು ಗಂಟೆಗೆ, ಬ್ಯಾಗ್ ಹೊತ್ತುಕೊಂಡು, ನಿದ್ದೆಗಣ್ಣಿನಲ್ಲಿ ಸಂವಿಧಾನದ ವಿಧಿ ಉಲ್ಲೇಖಿಸುತ್ತ ನಿಲ್ಲುವುದರಿಂದ ವಾರಾಂತ್ಯ ಉಳಿಯುವುದಿಲ್ಲ. ದುಡ್ಡು ಪಡೆದು ಕೋಣೆ ನಿರಾಕರಿಸಿದರೆ, ನಿರಾಕರಿಸಿದವರ ಹೆಸರು, ಹೊತ್ತು ಬರೆದುಕೊಂಡು, ಆ್ಯಪ್‌ನ ಸಹಾಯವಾಣಿಗೆ ಅಲ್ಲೇ ನಿಂತು ಫೋನ್ ಮಾಡಿ ಬದಲಿ ಕೋಣೆ ಕೇಳಿ. ಅತಿಥಿ ಇನ್ನೂ ರಿಸೆಪ್ಷನ್‌ನಲ್ಲೇ ಇದ್ದಾಗ ಅವರು ಬೇಗ ಸ್ಪಂದಿಸುತ್ತಾರೆ, ಹೊರಬಿದ್ದ ಮೇಲೆ ನಿಧಾನ. ಹಣ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಗಳವನ್ನು ಸೋಮವಾರಕ್ಕೆ ಇಟ್ಟುಕೊಂಡು ಶನಿವಾರವನ್ನು ಉಳಿಸಿಕೊಳ್ಳಿ ಎಂಬುದು ನಮ್ಮ ಸಲಹೆ.

ಎಲ್ಲಿ ಉಳಿಯಬೇಕು? ಎರಡೇ ದಿನವಿದ್ದಾಗ ಗೋವಾದ ಉತ್ತರ ದಕ್ಷಿಣ ಎರಡನ್ನೂ ನೋಡಲು ಹೊರಡುವುದು ದೊಡ್ಡ ತಪ್ಪು. ಪಣಜಿಯಿಂದ ದಕ್ಷಿಣದ ಪಾಲೊಲೆಮ್‌ಗೆ ಸುಮಾರು 70 ಕಿಲೋಮೀಟರ್, ವಾಹನದಲ್ಲಿ ಎರಡು ಗಂಟೆ. ಒಂದೋ ಪಣಜಿ, ಇಲ್ಲವೇ ಪಾಲೊಲೆಮ್ ಇರುವ ಕಾಣಕೋಣ ತಾಲ್ಲೂಕಿನ ತೀರ. ಕಲಂಗುಟ್, ಬಾಗಾ ಈ ಪಟ್ಟಿಯಲ್ಲಿಲ್ಲ. ಶನಿವಾರ ಸಂಜೆ ಅಲ್ಲಿ ಸೇರುವುದು ನಮ್ಮ ಊರುಗಳಿಂದಲೇ ಕಾರು ತುಂಬಿಕೊಂಡು ಬಂದ ಗಂಡಸರ ಗುಂಪುಗಳು. ಕೈಹಿಡಿದು ನಡೆಯುವ ಇಬ್ಬರು ಹುಡುಗರಿಗೂ, ಇಬ್ಬರೇ ಕೂತ ಹೆಂಗಸರಿಗೂ ಅಲ್ಲಿ ನೆಮ್ಮದಿ ಇರುವುದಿಲ್ಲ.

ನಗರ, ಒಳ್ಳೆಯ ಊಟ, ಕಲೆ, ಬಟ್ಟೆಬರೆ ಬೇಕೆನ್ನುವವರಿಗೆ ಪಣಜಿಯ ಫೊಂಟೇನ್ಹಾಸ್ ಸರಿಯಾದ ಜಾಗ. ಓರೆಂ ತೊರೆಗೂ ಆಲ್ತಿನ್ಹೊ ಗುಡ್ಡಕ್ಕೂ ನಡುವೆ ಇರುವ ಪೋರ್ಚುಗೀಸ್ ಕಾಲದ ಕೇರಿ ಅದು. ಹಳದಿ, ನೀಲಿ, ಇಟ್ಟಿಗೆ ಕೆಂಪು ಗೋಡೆ, ಮರದ ಬಾಲ್ಕನಿ, ಹಂಚಿನ ಮಾಡು. ಹಳೆಯ ಮನೆಗಳನ್ನೇ ಹತ್ತು-ಹನ್ನೆರಡು ಕೋಣೆಯ ಅತಿಥಿಗೃಹಗಳನ್ನಾಗಿ ಮಾಡಿದ್ದಾರೆ. ದೊಡ್ಡ ಹೋಟೆಲಿಗಿಂತ ಇಲ್ಲಿ ಸಲೀಸು, ಏಕೆಂದರೆ ಫೋನ್ ಎತ್ತುವವರೇ ಮಾಲೀಕರು. ಒಮ್ಮೆ ಮಾತಾಡಿದರೆ ಅವರ ಧೋರಣೆ ತಿಳಿದುಬಿಡುತ್ತದೆ. ಸೀಸನ್‌ನಲ್ಲಿ ಇಬ್ಬರಿಗೆ ಒಂದು ರಾತ್ರಿಗೆ ಅಂದಾಜು 3,500ರಿಂದ 6,000 ರೂಪಾಯಿ ಇಟ್ಟುಕೊಳ್ಳಿ. ಡಿಸೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ ಈ ಲೆಕ್ಕ ನಡೆಯುವುದಿಲ್ಲ, ಆಗ ಹೋಗಲೇಬೇಡಿ. ಒಂದು ರಾತ್ರಿಯ ದರ 7,500 ರೂಪಾಯಿವರೆಗಿದ್ದರೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. 7,800ರ ಕೋಣೆಗೂ 7,400ರ ಕೋಣೆಗೂ ಬಿಲ್ಲಿನಲ್ಲಿ ವ್ಯತ್ಯಾಸ ನಾನೂರಲ್ಲ, ಸಾವಿರದ ನಾನೂರು ದಾಟುತ್ತದೆ.

ದುಬಾರಿಯಾದರೂ ಸರಿ, ಯಾವ ಪ್ರಶ್ನೆಯೂ ಬೇಡ ಎನ್ನುವವರಿಗೆ ಕಾಣಕೋಣದ ರಾಜಬಾಗ್ ತೀರದಲ್ಲಿ ಲಲಿತ್ ಸಮೂಹದ ರೆಸಾರ್ಟ್ ಇದೆ. ಆ ಸಮೂಹದ ಕೇಶವ್ ಸೂರಿ 377ನೇ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರು. ಕಾರವಾರದಿಂದ ಅಲ್ಲಿಗೆ ನಲವತ್ತು ಕಿಲೋಮೀಟರ್ ಕೂಡ ಇಲ್ಲ.

ಕಡಿಮೆ ಖರ್ಚಿನಲ್ಲಿ ಸಮುದ್ರವೇ ಬೇಕೆನ್ನುವವರಿಗೆ ಪಾಲೊಲೆಮ್, ಪಟ್ನೆಮ್, ಅಗೊಂದ. ಇಲ್ಲಿನ ಮರದ ಗುಡಿಸಲುಗಳು ತಾತ್ಕಾಲಿಕ ರಚನೆಗಳು. ಮಳೆಗಾಲಕ್ಕೆ ಮುನ್ನ ಬಿಚ್ಚಿ ತೆಗೆದು, ಮಳೆ ನಿಂತ ಮೇಲೆ ಮತ್ತೆ ಕಟ್ಟುತ್ತಾರೆ. ಆ್ಯಪ್‌ನಲ್ಲಿ ಜನವರಿಯ ಫೋಟೊ ನೋಡಿ ಅಕ್ಟೋಬರ್ ಮೊದಲ ವಾರಕ್ಕೆ ಬುಕ್ ಮಾಡಿದವರಿಗೆ ಅಲ್ಲಿ ಹೋದಾಗ ಕಂಬಗಳು ಮಾತ್ರ ಕಾಣುವುದುಂಟು. ಗುಡಿಸಲು ಈಗಾಗಲೇ ಎದ್ದು ನಿಂತಿದೆಯೇ ಎಂದು ಅದೇ ವಾರದ ಫೋಟೊ ತರಿಸಿಕೊಂಡು ನೋಡಿ. ಇನ್ನೊಂದು ಮಾತು: ಗುಡಿಸಲ ಗೋಡೆ ತೆಳು ಹಲಗೆ, ಪಕ್ಕದವರ ಪಿಸುಮಾತೂ ಕೇಳುತ್ತದೆ. ಜೋಡಿಗೆ ಏಕಾಂತ ಬೇಕಿದ್ದರೆ ಸಾಲಿನ ಕೊನೆಯ ಗುಡಿಸಲನ್ನೇ ಕೇಳಬೇಕು. ಅಗೊಂದ ತೀರ ಕಡಲಾಮೆಗಳು ಮೊಟ್ಟೆಯಿಡುವ ಸಂರಕ್ಷಿತ ಜಾಗ, ಹಾಗಾಗಿ ರಾತ್ರಿ ಗದ್ದಲವಿಲ್ಲ. ಓದುತ್ತ, ಮಾತಾಡುತ್ತ ಮಲಗುವ ಜೋಡಿಗೆ ಅದು ಹೇಳಿ ಮಾಡಿಸಿದ ಊರು. ಆದರೆ ಅಲ್ಲಿ ನೀರಿನ ಸೆಳೆತ ಜೋರು. ಈಜಲು ಪಾಲೊಲೆಮ್ ವಾಸಿ.

ತಲುಪುವ ಬಗೆ. ಬೆಂಗಳೂರಿನಿಂದ ಪಣಜಿಗೆ ರಾತ್ರಿ ಬಸ್ಸು ಸುಮಾರು ಹನ್ನೆರಡು ಗಂಟೆ ತೆಗೆದುಕೊಳ್ಳುತ್ತದೆ. ಸ್ಲೀಪರ್ ಬಸ್ಸಿನಲ್ಲಿ ಇಬ್ಬರು ಮಲಗುವ ಡಬಲ್ ಬರ್ತ್ ಬುಕ್ ಮಾಡಿದರೆ ಪಕ್ಕದಲ್ಲಿ ಅಪರಿಚಿತರಿರುವುದಿಲ್ಲ. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಒಂದು ಬರ್ತ್ ಹಿಡಿದರೆ ಕಂಡಕ್ಟರ್ ಏನೂ ಕೇಳುವುದಿಲ್ಲ. ಈ ಒಂದು ಕಡೆ ಗಂಡು-ಹೆಣ್ಣಿನ ಜೋಡಿಗಿಂತ ನಮಗೇ ಸುಲಭ. ಕಾಣಕೋಣಕ್ಕೆ ಹೋಗುವವರು ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಕಾರವಾರಕ್ಕೆ ಇಳಿದು, ಮಡಗಾಂವ್ ಕಡೆಯ ಬಸ್ಸು ಹತ್ತಿ ಕಾಣಕೋಣದ ಚಾವ್ಡಿಯಲ್ಲಿ ಇಳಿಯಬಹುದು. ಅಲ್ಲಿಂದ ಪಾಲೊಲೆಮ್‌ಗೆ ಆಟೊ. ಮಂಗಳೂರಿನವರಿಗೆ 2023ರ ಡಿಸೆಂಬರ್ ಕೊನೆಯಲ್ಲಿ ಶುರುವಾದ ಮಡಗಾಂವ್ ವಂದೇ ಭಾರತ್ ಇದೆ. ಬೆಳಗಾವಿಯಿಂದ ಕಾರಿನಲ್ಲಿ ಹೋಗುವವರು ಚೋರ್ಲಾ ಘಾಟಿಯನ್ನು ಹಗಲಲ್ಲೇ ದಾಟಿ. ವಿಮಾನದವರು ಟಿಕೆಟ್ ಕೊಳ್ಳುವಾಗ ನಿಲ್ದಾಣ ಯಾವುದೆಂದು ನೋಡಿ. ಮೋಪಾ ಉತ್ತರದ ತುದಿ, ದಾಬೋಳಿಂ ನಡುಮಧ್ಯ. ಪಾಲೊಲೆಮ್‌ಗೆ ಹೋಗುವವರು ನೂರಿನ್ನೂರು ಉಳಿಸಲು ಮೋಪಾಗೆ ಇಳಿದರೆ ಟ್ಯಾಕ್ಸಿಗೆ ಅದರ ಹತ್ತಾರು ಪಟ್ಟು ತೆರಬೇಕಾಗುತ್ತದೆ.

ಬೆಳಿಗ್ಗೆ ಏಳಕ್ಕೆ ಬಸ್ಸಿಳಿದರೆ ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಈ ಏಳು ಗಂಟೆಗಳೇ ಅನೇಕ ಜೋಡಿಗಳ ಶನಿವಾರವನ್ನು ಹಾಳು ಮಾಡುವುದು. ಕೈಯಲ್ಲಿ ದುಡ್ಡಿದ್ದರೆ ಶುಕ್ರವಾರ ರಾತ್ರಿಯ ಬಾಡಿಗೆಯನ್ನೂ ಕೊಟ್ಟುಬಿಡಿ, 'ಬೆಳಿಗ್ಗೆ ಬರುತ್ತೇವೆ, ಕೋಣೆ ಬೇರೆಯವರಿಗೆ ಕೊಡಬೇಡಿ' ಎಂದು ಹೇಳಿಡಿ. ಇಲ್ಲವಾದರೆ ಬ್ಯಾಗ್ ಇಡಲು ಜಾಗ, ಸ್ನಾನಕ್ಕೆ ಒಂದು ಬಚ್ಚಲು ಬೇಕೆಂದು ಮೊದಲೇ ಕೇಳಿ. ಚಿಕ್ಕ ಅತಿಥಿಗೃಹಗಳವರು ಇದಕ್ಕೆ ಇಲ್ಲ ಎನ್ನುವುದು ಕಡಿಮೆ.

ಊರೊಳಗೆ ಓಡಾಡಲು ಸ್ಕೂಟರ್. ದಿನಕ್ಕೆ ಅಂದಾಜು 400ರಿಂದ 600 ರೂಪಾಯಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರುವ ಗಾಡಿಯನ್ನೇ ತೆಗೆದುಕೊಳ್ಳಿ, ಬಾಡಿಗೆಗೆ ಪರವಾನಗಿ ಇರುವುದು ಅದಕ್ಕೇ. ಬಿಳಿ ಫಲಕದ ಖಾಸಗಿ ಗಾಡಿ ನೂರು ರೂಪಾಯಿ ಅಗ್ಗ, ಆದರೆ ಪೊಲೀಸರು ಹಿಡಿದರೆ ದಂಡ, ಅಪಘಾತವಾದರೆ ವಿಮೆಯ ತಕರಾರು. ಎರಡು ಹೆಲ್ಮೆಟ್ ಕೇಳಿ ಪಡೆಯಿರಿ. ಹೊರಡುವ ಮುನ್ನ ಗಾಡಿಯ ನಾಲ್ಕೂ ಬದಿಯ ವಿಡಿಯೊ ತೆಗೆದು ಮಾಲೀಕರಿಗೆ ಕಳಿಸಿಬಿಟ್ಟರೆ ವಾಪಸ್ ಕೊಡುವಾಗ ಗೀಚು ಯಾರದ್ದೆಂಬ ವಾದವಿರುವುದಿಲ್ಲ. ಕುಡಿಯುವ ರಾತ್ರಿ ಸ್ಕೂಟರ್ ಬೇಡ. ಓಲಾ, ಊಬರ್ ಅಲ್ಲಿ ನಡೆಯುವುದಿಲ್ಲ, ಗೋವಾ ಮೈಲ್ಸ್ ಆ್ಯಪ್ ಹಾಕಿಕೊಂಡಿರಿ.

ಸ್ಕೂಟರ್ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಗೋವಾದಲ್ಲಿ ನಿಜವಾಗಿ ಆಗಬಹುದಾದ ಅನಾಹುತ ರಸ್ತೆ ಅಪಘಾತ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಒಪ್ಪಲಿಲ್ಲವಾದ್ದರಿಂದ ಆಸ್ಪತ್ರೆಯ ಕಾಗದದಲ್ಲಿ ನಿಮ್ಮ ಸಂಗಾತಿ 'ಗೆಳೆಯ' ಅಷ್ಟೇ. ತುರ್ತು ಚಿಕಿತ್ಸೆಗೆ ಯಾರ ಸಹಿಗೂ ಕಾಯುವುದಿಲ್ಲ, ತೊಡಕು ಬರುವುದು ಆಮೇಲೆ, ದೊಡ್ಡ ಶಸ್ತ್ರಚಿಕಿತ್ಸೆಯ ಹೊತ್ತಿಗೆ. ಇಬ್ಬರೂ ಒಂದೊಂದು ಹಾಳೆಯಲ್ಲಿ ರಕ್ತದ ಗುಂಪು, ಅಲರ್ಜಿ, ನಿತ್ಯದ ಮಾತ್ರೆ, ವಿಮೆಯ ಸಂಖ್ಯೆ, 'ನನ್ನ ಪರವಾಗಿ ಇವರಿಗೆ ಮಾಹಿತಿ ಕೊಡಿ' ಎಂಬ ಸಾಲು ಬರೆದು ಸಹಿ ಮಾಡಿ ಪರಸ್ಪರ ಕೊಟ್ಟುಕೊಳ್ಳಿ. ಮನೆಯವರಿಗೆ ಸಂಬಂಧ ಗೊತ್ತಿಲ್ಲದಿದ್ದರೆ, ಎರಡೂ ಕಡೆಯನ್ನು ಬಲ್ಲ ಒಬ್ಬ ಸ್ನೇಹಿತರ ನಂಬರನ್ನೂ ಅದರಲ್ಲಿ ಸೇರಿಸಿ. ಆಂಬುಲೆನ್ಸ್‌ಗೆ 108. ದೊಡ್ಡ ಸರ್ಕಾರಿ ಆಸ್ಪತ್ರೆ ಪಣಜಿ ಬಳಿಯ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು.

ಪಣಜಿಯ ಶನಿವಾರ ಹೀಗಿರಲಿ. ಬೆಳಿಗ್ಗೆ ಎಂಟರೊಳಗೆ ಫೊಂಟೇನ್ಹಾಸ್ ಸುತ್ತಿಬಿಡಿ, ಒಂಬತ್ತರ ಮೇಲೆ ಫೋಟೊ ತೆಗೆಯುವವರ ಜಾತ್ರೆ. ಅಲ್ಲಿ ಜನ ಇನ್ನೂ ವಾಸವಾಗಿದ್ದಾರೆ, ತಮ್ಮ ಕಿಟಕಿ ಮುಂದಿನ ಫೋಟೊ ಶೂಟ್‌ಗಳಿಂದ ಬೇಸತ್ತು ಫಲಕ ಹಾಕಿದ್ದಾರೆ. ಬಾಗಿಲಿಗೆ ಒರಗಿ ಜೋಡಿ ಫೋಟೊ ತೆಗೆಯುವ ಮುನ್ನ ಕೇಳಿ. ಕೇರಿಯ ತುದಿಯ ಸೇಂಟ್ ಸೆಬಾಸ್ಟಿಯನ್ ಪ್ರಾರ್ಥನಾ ಮಂದಿರದಲ್ಲಿರುವ ಶಿಲುಬೆ ಹಳೆಗೋವಾದಲ್ಲಿ ಧರ್ಮದ್ರೋಹದ ವಿಚಾರಣೆ ನಡೆಯುತ್ತಿದ್ದ ಇನ್‌ಕ್ವಿಜಿಷನ್ ಅರಮನೆಯಿಂದ ಬಂದದ್ದು. ಬೇರೆಡೆ ಯೇಸುವಿನ ತಲೆ ಬಾಗಿರುತ್ತದೆ, ಇಲ್ಲಿ ತಲೆ ನೇರ, ಕಣ್ಣು ತೆರೆದಿವೆ. ಒಂದು ನಿಮಿಷ ನಿಂತು ನೋಡುವಂಥದ್ದು. ತಿಂಡಿಗೆ ಪೊಯ್ ಬ್ರೆಡ್ಡು, ಮಸಾಲೆ ಸಾರು ಸುರಿದ ರೋಸ್ ಆಮ್ಲೆಟ್. ಮಧ್ಯಾಹ್ನದ ಊಟವನ್ನು ಒಂದೂವರೆಯೊಳಗೆ ಮುಗಿಸಿ. ಮೂರರ ಮೇಲೆ ಅನೇಕ ಅಡುಗೆಮನೆಗಳು ಮುಚ್ಚಿ ಸಂಜೆ ಏಳಕ್ಕೆ ತೆರೆಯುತ್ತವೆ. ಭಾನುವಾರ ಪಣಜಿಯ ಅಂಗಡಿ, ಹೋಟೆಲುಗಳಲ್ಲಿ ಬಹಳಷ್ಟು ಬಂದ್, ಆದ್ದರಿಂದ ಕೊಳ್ಳುವುದೆಲ್ಲ ಶನಿವಾರವೇ.

ಕೊಳ್ಳುವುದಾದರೆ ಕುಣಬಿ ಕೈಮಗ್ಗದ ಬಟ್ಟೆ ಕೊಳ್ಳಿ. ಕೆಂಪು ನೆಲದ ಮೇಲೆ ಬಿಳಿ ಚೌಕಳಿ, ದಪ್ಪ ಹತ್ತಿ. ಗೋವಾದ ಕುಣಬಿ ಹೆಂಗಸರು ಹೊಲದಲ್ಲಿ ಉಡುತ್ತಿದ್ದ ಸೀರೆ ಅದು. ಅದನ್ನು ಮತ್ತೆ ಮಗ್ಗಕ್ಕೂ ಫ್ಯಾಷನ್ ವೇದಿಕೆಗೂ ತಂದವರು ವೆಂಡೆಲ್ ರಾಡ್ರಿಕ್ಸ್. ಗೋವಾದ ಕೊಲ್ವಾಳದಲ್ಲಿ ಬಾಳಿದ, 2014ರಲ್ಲಿ ಪದ್ಮಶ್ರೀ ಪಡೆದ, 2020ರ ಫೆಬ್ರುವರಿಯಲ್ಲಿ ತೀರಿಕೊಂಡ ಈ ವಸ್ತ್ರವಿನ್ಯಾಸಕಾರರು ತಾವು ಗೇ ಎಂಬುದನ್ನು ಎಂದೂ ಮುಚ್ಚಿಡಲಿಲ್ಲ. 377ನೇ ಕಲಮು ಇನ್ನೂ ಜೀವಂತವಾಗಿದ್ದ 2002ರಲ್ಲೇ ಸಂಗಾತಿ ಜೆರೋಮ್ ಮರೆಲ್ ಜೊತೆ ಫ್ರೆಂಚ್ ಕಾನೂನಿನಡಿ ಸಹಬಾಳ್ವೆಯ ಕರಾರಿಗೆ ಸಹಿ ಹಾಕಿದವರು. ಗೋವಾದ ಸೊಬಗು ಎಂದು ಇಂದು ಯಾವುದನ್ನು ಮೆಚ್ಚುತ್ತಾರೋ ಅದರಲ್ಲಿ, ಸಡಿಲ ಹತ್ತಿ, ಲಿನನ್, ಬಿಳಿ, ಸರಳ ಹೊಲಿಗೆಯಲ್ಲಿ, ಅವರ ಕೈ ಇದೆ. ನೀವು ಪ್ಯಾಕ್ ಮಾಡುವಾಗಲೂ ಅದನ್ನೇ ಅನುಸರಿಸಿ: ತಲಾ ಎರಡು ಹತ್ತಿ ಅಥವಾ ಲಿನನ್ ಅಂಗಿ, ಒಂದು ಉದ್ದ ಪ್ಯಾಂಟ್, ಒಂದು ಚಡ್ಡಿ, ಈಜುಡುಗೆ, ಮುಚ್ಚಿದ ಬೂಟು ಒಂದು ಜೊತೆ. ಬೆಂಗಳೂರಿನ ಸಂಜೆಗೆ ಹೊಂದುವ ಕಪ್ಪು ಪಾಲಿಯೆಸ್ಟರ್ ಅಂಗಿ ಅಲ್ಲಿನ ಸೆಕೆಗೆ ಅರ್ಧ ಗಂಟೆಯಲ್ಲಿ ಬೆನ್ನಿಗಂಟುತ್ತದೆ. ಉದ್ದ ಪ್ಯಾಂಟ್, ಬೂಟು ಏಕೆಂದರೆ ಮಾಂಡವಿ ನದಿಯ ಕ್ಯಾಸಿನೊ ಹಡಗುಗಳಿಗೂ ಒಳ್ಳೆಯ ಬಾರ್‌ಗಳಿಗೂ ಗಂಡಸರನ್ನು ಚಡ್ಡಿ-ಚಪ್ಪಲಿಯಲ್ಲಿ ಬಿಡುವುದಿಲ್ಲ. ಹಳೆಗೋವಾದ ಚರ್ಚುಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು.

ಸಂಜೆ ನಾಲ್ಕರ ಹೊತ್ತಿಗೆ ಪಣಜಿಯಿಂದ ಬೆತಿಮ್‌ಗೆ ಫೆರಿ ಹಿಡಿಯಿರಿ, ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಆಚೆ ದಡದಿಂದ ರೇಯಿಸ್ ಮಾಗೊಸ್ ಕೋಟೆ ಹತ್ತಿರ. ಜೀರ್ಣೋದ್ಧಾರಗೊಂಡು 2012ರಲ್ಲಿ ತೆರೆದ ಚಿಕ್ಕ ಕೋಟೆ, ಒಳಗೆ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡರ ಚಿತ್ರಗಳು, ಮೇಲಿನಿಂದ ಮಾಂಡವಿಯ ಅಳಿವೆ ಇಡಿಯಾಗಿ ಕಾಣುತ್ತದೆ. ಸೋಮವಾರ ರಜೆ. ಮಿರಾಮಾರ್ ತೀರ ಊರೊಳಗೇ ಇದೆ, ಸೂರ್ಯಾಸ್ತಕ್ಕೆ ಚೆಂದ. ಈಜಲು ಮಾತ್ರ ಅಲ್ಲ, ನದಿ ಸೇರುವ ಜಾಗದಲ್ಲಿ ಸೆಳವು ನಂಬುವಂಥದ್ದಲ್ಲ. ಈಜಿಗೆ ಭಾನುವಾರ ಬೆಳಿಗ್ಗೆ ಅಶ್ವೆಮ್ ಅಥವಾ ಮಾಂದ್ರೆಗೆ ಹೋಗಿ, ಎಂಟರೊಳಗೆ ತಲುಪಿದರೆ ಮರಳು ನಿಮ್ಮದೇ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಿ, ಕೆಂಪು ಬಾವುಟವಿದ್ದಲ್ಲಿ ಕಾಲೂ ಇಡಬೇಡಿ. ತೀರದಲ್ಲಿ ಬಾಟಲಿ ತೆರೆದು ಕೂರುವಂತಿಲ್ಲ, ಅದಕ್ಕೆ ದಂಡವಿದೆ. ತೀರದ ಗುಡಿಸಲು-ಹೋಟೆಲಾದ ಶ್ಯಾಕ್‌ನ ಮೇಜಿಗೆ ಹೋಗಿ.

ಇನ್ನು ರಾತ್ರಿ. ಗೇ ಜೋಡಿಗಳು ಹೆಚ್ಚು ಅವಮಾನ ತಿನ್ನುವುದು ಕ್ಲಬ್ಬಿನ ಬಾಗಿಲಲ್ಲಿ. 'ಕಪಲ್ ಎಂಟ್ರಿ' ಎಂದರೆ ಗಂಡು-ಹೆಣ್ಣು. ಇಬ್ಬರು ಗಂಡಸರಿಗೆ ಸ್ಟ್ಯಾಗ್ ದರ, ಅದು ಎರಡು-ಮೂರು ಪಟ್ಟು, ಅಥವಾ ಪ್ರವೇಶವೇ ಇಲ್ಲ. ಬಾಗಿಲಲ್ಲಿ ಬೌನ್ಸರ್‌ಗೆ 'ನಾವು ಜೋಡಿ' ಎಂದು ವಿವರಿಸಲು ಹೋಗಬೇಡಿ, ಹಿಂದೆ ನಿಂತ ಸಾಲಿನ ನಡುವೆ ಅದು ಫಲ ಕೊಡುವುದಿಲ್ಲ, ಸುರಕ್ಷಿತವೂ ಅಲ್ಲ. ಎರಡು ದಿನ ಮೊದಲೇ ಕ್ಲಬ್ಬಿನ ಇನ್‌ಸ್ಟಾಗ್ರಾಂ ಖಾತೆಗೆ 'ಇಬ್ಬರು ಪುರುಷರ ಜೋಡಿ, ಯಾವ ದರ, ಪ್ರವೇಶವಿದೆಯೇ' ಎಂದು ನೇರವಾಗಿ ಬರೆಯಿರಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪ್ರವೇಶ ಟಿಕೆಟ್ಟಿನ ಬದಲು ಊಟದ ಮೇಜು ಕಾಯ್ದಿರಿಸಿದರೆ ಸ್ಟ್ಯಾಗ್ ನಿಯಮ ಸಾಮಾನ್ಯವಾಗಿ ಎದುರಾಗುವುದಿಲ್ಲ. ಎಂಟೂವರೆಗೆ ಊಟಕ್ಕೆ ಕೂತವರನ್ನು ಹನ್ನೊಂದಕ್ಕೆ ಯಾರೂ ಎಬ್ಬಿಸುವುದಿಲ್ಲ. ಸಲಿಂಗಿ, ಟ್ರಾನ್ಸ್ ಸಮುದಾಯದ ಕ್ವಿಯರ್ ಪಾರ್ಟಿಗಳು ಆಗಾಗ ನಡೆಯುತ್ತವೆ, ಕೆಲವೇ ದಿನ ಮೊದಲು ಪ್ರಕಟವಾಗುತ್ತವೆ, ಜಾಗವನ್ನು ನೋಂದಣಿಯಾದ ಮೇಲೆ ತಿಳಿಸುತ್ತಾರೆ. ಆದ್ದರಿಂದ ಹೊರಡುವ ವಾರ ಹುಡುಕಬೇಕು, ತಿಂಗಳ ಮೊದಲಲ್ಲ. ಪಾಲೊಲೆಮ್‌ನಲ್ಲಿ ಸೀಸನ್‌ನ ಶನಿವಾರಗಳಲ್ಲಿ ಹೆಡ್‌ಫೋನ್ ಪಾರ್ಟಿ ಇರುತ್ತದೆ. ರಾತ್ರಿ ಹತ್ತರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಹುಟ್ಟಿದ ಉಪಾಯ ಅದು. ಜೋಡಿಯಾಗಿ ಕುಣಿಯಲು ಬಾಗಾದ ಕ್ಲಬ್ಬುಗಳಿಗಿಂತ ಎಷ್ಟೋ ಹಿತ.

ಡೇಟಿಂಗ್ ಆ್ಯಪ್ ಬಳಸುವ ಒಂಟಿ ಪ್ರವಾಸಿಗರಿಗೆ ಒಂದು ಎಚ್ಚರಿಕೆ. ಸುಲಿಗೆ ನಡೆಯುವ ಕ್ರಮ ಎಲ್ಲೆಡೆ ಒಂದೇ: ಒಬ್ಬ ಬರುತ್ತಾನೆ, ಹತ್ತು ನಿಮಿಷಕ್ಕೆ ಇನ್ನಿಬ್ಬರು 'ಪೊಲೀಸ್' ಎಂದು ಹೇಳಿಕೊಂಡು ನುಗ್ಗುತ್ತಾರೆ, ಮನೆಗೆ ತಿಳಿಸುತ್ತೇವೆಂದು ಬೆದರಿಸಿ ಯುಪಿಐನಲ್ಲಿ ಹಣ ಹಾಕಿಸಿಕೊಳ್ಳುತ್ತಾರೆ. ಮೊದಲು ವಿಡಿಯೊ ಕರೆ ಮಾಡಿ ಮುಖ ನೋಡಿ, ಮೊದಲ ಭೇಟಿ ಜನವಿರುವ ಕಾಫಿ ಅಂಗಡಿಯಲ್ಲಿ ಇರಲಿ, ಕೋಣೆ ಸಂಖ್ಯೆ ಕೊಡಬೇಡಿ, ಸ್ನೇಹಿತರಿಗೆ ಲೊಕೇಶನ್ ಕಳಿಸಿಡಿ. ಯುಪಿಐನ ದಿನದ ಮಿತಿಯನ್ನು ಆ ಎರಡು ದಿನ ಐದು ಸಾವಿರಕ್ಕೆ ಇಳಿಸಿ. ಒಮ್ಮೆ ಕೊಟ್ಟರೆ ಮತ್ತೆ ಮತ್ತೆ ಕೇಳುತ್ತಾರೆ. ಸುಲಿಗೆ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಅಪರಾಧ, ಗೇ ಆಗಿರುವುದು ಅಲ್ಲ. ಪೊಲೀಸರಿಗೆ 112, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930.

ಆರೋಗ್ಯದ ಸಿದ್ಧತೆ ಕೆಲವು ವಾರ ಮೊದಲೇ ಆಗಬೇಕು. ಎಚ್‌ಐವಿ ತಡೆಯುವ ಪ್ರೆಪ್ ಮಾತ್ರೆಯನ್ನು ವೈದ್ಯರು ಎಚ್‌ಐವಿ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿಯೇ ಕೊಡುವುದು. ಶುಕ್ರವಾರ ಸಂಜೆ ಅಂಗಡಿಗೆ ಹೋಗಿ ಕೇಳಿದರೆ ಆಗದು. ಕಾಂಡೋಮ್ ಮನೆಯಿಂದಲೇ ಒಯ್ಯಿರಿ, ಸ್ಕೂಟರಿನ ಡಿಕ್ಕಿಯ ಬಿಸಿಯಲ್ಲಿ ಇಡಬೇಡಿ. ಬಿಸಿಲಿಗೆ ಸುಟ್ಟ ಮೈಗೆ ಹಚ್ಚಿದ ತೆಂಗಿನೆಣ್ಣೆ ಲೇಟೆಕ್ಸನ್ನು ದುರ್ಬಲಗೊಳಿಸುತ್ತದೆ, ಹರಿಯಲು ಇದೂ ಒಂದು ಕಾರಣ. ನೀರು ಅಥವಾ ಸಿಲಿಕೋನ್ ಆಧಾರದ ಜೆಲ್ ಇರಲಿ. ಹರಿದರೆ, ಎಚ್‌ಐವಿ ತಗಲದಂತೆ ಆಮೇಲೆ ಕೊಡುವ ಪೆಪ್ ಚಿಕಿತ್ಸೆಯನ್ನು 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು, ಶುರು ಮಾಡಿ 28 ದಿನ ನಿಲ್ಲಿಸದೆ ತೆಗೆದುಕೊಳ್ಳಬೇಕು. ಊರಿಗೆ ಬಂದು ನೋಡೋಣ ಎಂದು ಕಾಯಬೇಡಿ, ಬಾಂಬೋಳಿಯ ಆಸ್ಪತ್ರೆಗೇ ಹೋಗಿ. ಮಾಹಿತಿಗೆ ಎಚ್‌ಐವಿ ಸಹಾಯವಾಣಿ 1097.

ವಾಪಸ್ ಬರುವಾಗ ಚೀಲದಲ್ಲಿ ಫೆನಿ ಬಾಟಲಿ ಇಡುವ ಮುನ್ನ ಅಬಕಾರಿ ನಿಯಮ ತಿಳಿದುಕೊಳ್ಳಿ. ಮಾಜಾಳಿ, ಅನಮೋಡ್ ತನಿಖಾ ಠಾಣೆಗಳಲ್ಲಿ ಅಬಕಾರಿಯವರು ಬಸ್ಸಿನೊಳಗೇ ಹತ್ತಿ ನೋಡುತ್ತಾರೆ.

ಕೊನೆಯದಾಗಿ ಕಾರವಾರ, ಗೋಕರ್ಣ, ಮುರ್ಡೇಶ್ವರ, ಮಲ್ಪೆಯ ಹೋಂಸ್ಟೇ ಮಾಲೀಕರಲ್ಲಿ ಒಂದು ಕೋರಿಕೆ. ಇದೇ ಸಮುದ್ರ, ಇದಕ್ಕಿಂತ ಒಳ್ಳೆಯ ಮೀನು ನಿಮ್ಮಲ್ಲಿದೆ. ಈ ಜೋಡಿಗಳು ನಿಮ್ಮ ಊರನ್ನು ದಾಟಿಕೊಂಡೇ ಕಾಣಕೋಣಕ್ಕೆ ಹೋಗುತ್ತಿದ್ದಾರೆ. ನಿಮ್ಮ ಬೋರ್ಡಿನಲ್ಲಿ, ಆ್ಯಪ್‌ನ ಪುಟದಲ್ಲಿ 'ಫ್ಯಾಮಿಲಿಗೆ ಮಾತ್ರ' ಎಂದಿರುವಲ್ಲಿ 'ಗುರುತಿನ ಚೀಟಿ ಇರುವ ಯಾವುದೇ ಇಬ್ಬರು ವಯಸ್ಕರಿಗೆ' ಎಂದು ಬರೆಯಿರಿ. ನೋಂದಣಿ ಪುಸ್ತಕದಲ್ಲಿ 'ಸಂಬಂಧ' ಎಂಬ ಕಾಲಂ ಇದ್ದರೆ ತೆಗೆದುಹಾಕಿ. ಹೆಸರು, ವಿಳಾಸ, ಚೀಟಿಯ ಸಂಖ್ಯೆ, ಫೋನ್ ನಂಬರ್ ಇಷ್ಟು ಸಾಕು. ರಾತ್ರಿ ಪಾಳಿಯ ಹುಡುಗನಿಗೆ ಹೇಳಿಕೊಡಬೇಕಾದದ್ದು ಒಂದೇ ಪ್ರಶ್ನೆ, ಅದನ್ನು ಯಾರೇ ಬಂದರೂ ಒಂದೇ ದನಿಯಲ್ಲಿ ಕೇಳಲಿ: 'ಡಬಲ್ ಬೆಡ್ ಬೇಕಾ ಸರ್, ಟ್ವಿನ್ ಬೇಕಾ?'

ಇಂತಿ,
ಕಾರವಾರ ಮತ್ತು ಹುಬ್ಬಳ್ಳಿಯ ಕೆಲವು ಓದುಗರು